ಗ್ರೀನ್ ಬೆಲ್ಟ್ ಜಮೀನಲ್ಲಿ ಬ್ಯಾಟರಿ ಸೈಟ್ ಮಾಡ್ಬಹುದಾ? ಮಾಡೋದಾದ್ರೆ ಎಲ್ಲಿಂದ ಶುರು ಮಾಡ್ಬೇಕು?

ಪ್ರಶ್ನೆ: ನಾನು ಮೈಸೂರಿನವನು, ಎಲೆಕ್ಟ್ರಿಕಲ್ ಇಂಜಿನಿಯರ್. ಈಗ ಇಂಗ್ಲೆಂಡಲ್ಲಿ ಒಂದು ಚಿಕ್ಕ ಡೆವಲಪರ್ ಕಂಪನೀಲಿ ಕೆಲಸ ಮಾಡ್ತಿದೀನಿ. ಲಂಡನ್ನಿಂದ ಉತ್ತರಕ್ಕೆ ಒಂದು ಊರಿನ ಅಂಚಲ್ಲಿ ರೈತರೊಬ್ಬರು ಸುಮಾರು ಆರು ಎಕರೆ ಹುಲ್ಲುಗಾವಲನ್ನ ಲೀಸಿಗೆ ಕೊಡೋಕೆ ಒಪ್ಪಿದಾರೆ. ಅರ್ಧ ಮೈಲಿ ದೂರದಲ್ಲೇ 132 ಕೆವಿ ಸಬ್‌ಸ್ಟೇಷನ್ ಇದೆ. ಗ್ರಿಡ್ಡಿನ ಕರೆಂಟ್ ತುಂಬಿಟ್ಟು ಬೇಕಾದಾಗ ವಾಪಸ್ ಕೊಡೋ 50 ಮೆಗಾವ್ಯಾಟ್, ಎರಡು ಗಂಟೆ ಬ್ಯಾಟರಿ ಹಾಕೋ ಯೋಚನೆ. ಆದ್ರೆ ಜಮೀನು ಗ್ರೀನ್ ಬೆಲ್ಟಲ್ಲಿ, ಅಂದ್ರೆ ಊರು ಹರಡದ ಹಾಗೆ ಕಟ್ಟಡಕ್ಕೆ ಕಡಿವಾಣ ಹಾಕಿರೋ ಪಟ್ಟೀಲಿದೆ. ನಮ್ಮ ಬಾಸ್ ‘ದೇಶಕ್ಕೇ ಬ್ಯಾಟರಿ ಬೇಕು, ಪರ್ಮಿಷನ್ ಕೊಟ್ಟೇ ಕೊಡ್ತಾರೆ’ ಅಂತಾರೆ, ಕೌನ್ಸಿಲ್ಲಿನ ಪ್ಲಾನಿಂಗ್ ಆಫೀಸರ್ ಫೋನಲ್ಲಿ ‘ಗ್ರೀನ್ ಬೆಲ್ಟ್, ತುಂಬಾ ಕಷ್ಟ’ ಅಂದ್ರು. ಹೊಲದ ಬೇಲಿ ಪಕ್ಕ ಪಬ್ಲಿಕ್ ಫುಟ್‌ಪಾತ್ ಇದೆ, ಸುಮಾರು 200 ಮೀಟರ್ ದೂರದಲ್ಲಿ ಒಂದಷ್ಟು ಮನೆಗಳಿವೆ. ಯಾರ ಮಾತು ನಂಬ್ಲಿ, ಎಲ್ಲಿಂದ ಶುರು ಮಾಡ್ಲಿ?

ಉತ್ತರ: ನಿಮ್ಮ ಬಾಸ್ ಹೇಳಿದ್ದೂ ಅರ್ಧ ಸರಿ, ಆಫೀಸರ್ ಹೇಳಿದ್ದೂ ಅರ್ಧ ಸರಿ. ಗ್ರೀನ್ ಬೆಲ್ಟಲ್ಲಿ ಬ್ಯಾಟರಿ ಸೈಟುಗಳಿಗೆ ಪರ್ಮಿಷನ್ ಸಿಕ್ಕಿದೆ, ನೇರವಾಗಿ ಕೌನ್ಸಿಲ್ಲಿಂದಾನೂ ಸಿಕ್ಕಿದೆ, ಕೌನ್ಸಿಲ್ ಆಗಲ್ಲ ಅಂದ್ಮೇಲೆ ಅಪೀಲಲ್ಲೂ ಸಿಕ್ಕಿದೆ, ಹಾಗೇ ಎರಡೂ ಕಡೆ ಬಿದ್ದುಹೋದ ಅರ್ಜಿಗಳೂ ಇವೆ. ಗೆದ್ದಿದ್ದು ಸೋತಿದ್ದು ಎರಡನ್ನೂ ಪಕ್ಕಪಕ್ಕ ಇಟ್ಕೊಂಡು ಓದಿದ್ರೆ ನಂಗೆ ಕಾಣೋದು ಇಷ್ಟು, ದೇಶಕ್ಕೆ ಬ್ಯಾಟರಿ ಬೇಕು ಅನ್ನೋದರ ಬಗ್ಗೆ ಈಗ ಹೆಚ್ಚು ಜಗಳ ಇಲ್ಲ, ಜಗಳ ಇರೋದೆಲ್ಲ ‘ಬೇರೆಲ್ಲೂ ಜಾಗ ಇರ್ಲಿಲ್ವಾ, ಈ ಹೊಲವೇ ಯಾಕೆ’ ಅನ್ನೋದರ ಮೇಲೆ. ಅದಕ್ಕೆ ಕಾಗದದ ಸಮೇತ ಉತ್ತರ ಇಟ್ಟೋರು ದಾಟ್ತಾರೆ. ನಾನು ಕೆಳಗೆ ಬರೆಯೋದೆಲ್ಲ ಈ ಒಂದು ಪ್ರಶ್ನೆ ಸುತ್ತಾನೇ.

ಮೊದಲು ಗ್ರೀನ್ ಬೆಲ್ಟ್ ಅಂದ್ರೆ ಏನು ಅನ್ನೋದು ಸರಿಯಾಗಿ ತಲೇಲಿರ್ಲಿ, ಯಾಕಂದ್ರೆ ನಮ್ಮ ಕಡೆಯಿಂದ ಬಂದೋರಿಗೆ ತಕ್ಷಣ ನೆನಪಾಗೋದು ಬೆಂಗಳೂರು ಸುತ್ತಿನ ಹಸಿರು ಪಟ್ಟಿ, ಭೂಪರಿವರ್ತನೆ, ಕರ್ನಾಟಕ ಭೂಕಂದಾಯ ಕಾಯ್ದೆಯ 95ನೇ ಸೆಕ್ಷನ್ನು, ಡಿಸಿ ಆಫೀಸು. ಇಲ್ಲಿ ಆ ಥರ ಕನ್ವರ್ಷನ್ ಅನ್ನೋದು ಇಲ್ಲವೇ ಇಲ್ಲ. ಗ್ರೀನ್ ಬೆಲ್ಟಿನ ಗೆರೆ ಸರೀಬೇಕು ಅಂದ್ರೆ ಕೌನ್ಸಿಲ್ಲಿನ ಲೋಕಲ್ ಪ್ಲಾನ್ ಬದಲಾಗ್ಬೇಕು, ಅದಕ್ಕೆ ವರ್ಷಗಟ್ಟಲೆ ಹಿಡಿಯತ್ತೆ. ನೀವು ಕೇಳ್ತಿರೋದು ಗೆರೆ ಸರಿಸಿ ಅಂತಲ್ಲ, ಗೆರೆ ಇದ್ದಲ್ಲೇ ಇರ್ಲಿ, ಅದರ ಒಳಗೆ ಈ ಒಂದು ಪ್ರಾಜೆಕ್ಟಿಗೆ ಒಪ್ಪಿಗೆ ಕೊಡಿ ಅಂತ. ಲಂಡನ್ ಸುತ್ತ 1938ರಲ್ಲೇ ಒಂದು ಕಾಯ್ದೆ ಬಂತು, 1955ರ ಸರ್ಕಾರಿ ಸುತ್ತೋಲೆ ಆದ್ಮೇಲೆ ಬೇರೆ ಊರುಗಳ ಸುತ್ತಾನೂ ಗ್ರೀನ್ ಬೆಲ್ಟ್ ಹಬ್ಬಿತು, ಈಗ ಇಂಗ್ಲೆಂಡಿನ ಒಟ್ಟು ನೆಲದಲ್ಲಿ ಶೇಕಡಾ 12ಕ್ಕೂ ಸ್ವಲ್ಪ ಹೆಚ್ಚು ಭಾಗ ಅದರಡಿ ಬರತ್ತೆ. ಇದು ಚೆಂದದ ಜಾಗ ಅಂತ ಗುರುತು ಮಾಡಿದ್ದಲ್ಲ. ದೊಡ್ಡ ಊರುಗಳು ಎಗ್ಗಿಲ್ಲದೆ ಹರಡಬಾರ್ದು, ಅಕ್ಕಪಕ್ಕದ ಪಟ್ಟಣಗಳು ಒಂದಕ್ಕೊಂದು ಸೇರ್ಕೋಬಾರ್ದು, ಹಳ್ಳಿಗಾಡು ಒತ್ತುವರಿ ಆಗ್ಬಾರ್ದು, ಐತಿಹಾಸಿಕ ಪಟ್ಟಣಗಳ ಸುತ್ತಿನ ಪರಿಸರ ಉಳೀಬೇಕು, ಊರೊಳಗಿನ ಹಾಳುಬಿದ್ದ ಜಾಗ ಮೊದಲು ಬಳಕೆ ಆಗ್ಬೇಕು, ಈ ಐದೇ ಉದ್ದೇಶ. ಹಾಗಾಗಿ ‘ನಮ್ಮ ಹೊಲದಲ್ಲಿ ನೋಡೋಂಥದ್ದು ಏನೂ ಇಲ್ಲ, ಬರೀ ಹುಲ್ಲು’ ಅಂತ ವಾದ ಮಾಡಿದ್ರೆ ಪ್ರಯೋಜನ ಇಲ್ಲ, ಆ ಬರಿದಾಗಿರೋದನ್ನೇ ಇಲ್ಲಿ ಕಾಪಾಡೋದು.

ಯಾರು ತೀರ್ಮಾನ ಮಾಡ್ತಾರೆ ಅನ್ನೋದನ್ನ ಬೇಗ ಹೇಳಿ ಮುಗಿಸ್ತೀನಿ. ಮೊದಲು 50 ಮೆಗಾವ್ಯಾಟ್ ದಾಟಿದ್ರೆ ರಾಷ್ಟ್ರಮಟ್ಟದ ಪ್ರಕ್ರಿಯೆಗೆ ಹೋಗ್ಬೇಕಿತ್ತು, ಅದಕ್ಕೇ ಹಳೇ ಪ್ರಾಜೆಕ್ಟುಗಳಲ್ಲಿ 49.9 ಅನ್ನೋ ಸಂಖ್ಯೆ ಅಷ್ಟೊಂದು ಕಾಣ್ಸತ್ತೆ. 2020ರ ಡಿಸೆಂಬರಿಂದ, ನೀರು ಮೇಲಕ್ಕೆ ಪಂಪ್ ಮಾಡಿ ಕರೆಂಟ್ ಕೂಡಿಡೋ ಪಂಪ್ಡ್ ಹೈಡ್ರೋ ಒಂದನ್ನ ಬಿಟ್ಟು ಬೇರೆಲ್ಲ ಸ್ಟೋರೇಜು, ಎಷ್ಟೇ ದೊಡ್ಡದಿರ್ಲಿ, ಲೋಕಲ್ ಕೌನ್ಸಿಲ್ಲಿಗೇ ಬರತ್ತೆ. ಹಾಗಾಗಿ 50 ಅನ್ನೋ ಸಂಖ್ಯೆಗೆ ಅಂಟ್ಕೊಂಡು ಕೂರೋ ಅಗತ್ಯ ಇಲ್ಲ, ಗ್ರಿಡ್ ಎಷ್ಟು ಕೊಡತ್ತೆ, ನೆಲ ಎಷ್ಟು ತಾಳತ್ತೆ ಅಂತ ನೋಡಿ. ಕಾನೂನಿನ ಪ್ರಕಾರ ಕೌನ್ಸಿಲ್ ತನ್ನ ಡೆವಲಪ್‌ಮೆಂಟ್ ಪ್ಲಾನ್ ಪ್ರಕಾರ ತೀರ್ಮಾನ ಮಾಡ್ಬೇಕು, ಬೇರೆ ಮುಖ್ಯವಾದ ಅಂಶಗಳು ಬೇರೆ ಥರ ಹೇಳಿದ್ರೆ ಮಾತ್ರ ಅದರಿಂದ ಆಚೆ ಹೋಗ್ಬಹುದು. ಆ ಬೇರೆ ಅಂಶಗಳಲ್ಲಿ ಎಲ್ಲಕ್ಕಿಂತ ದೊಡ್ಡದು ರಾಷ್ಟ್ರೀಯ ಪ್ಲಾನಿಂಗ್ ನೀತಿ, ಎಲ್ಲರೂ ಎನ್‌ಪಿಪಿಎಫ್ ಅಂತ ಕರೆಯೋದು. ನಾನಿಲ್ಲಿ ಹೇಳೋ ಪ್ಯಾರಾ ನಂಬರುಗಳು 2024ರ ಡಿಸೆಂಬರ್ ಆವೃತ್ತಿಯವು. ಈ ನೀತಿ ಆಗಾಗ ಬದಲಾಗತ್ತೆ, ಅರ್ಜಿ ಹಾಕೋ ದಿನ ಯಾವುದು ಜಾರೀಲಿದೆ ಅಂತ ನೋಡ್ಕೊಂಡೇ ಬರೀರಿ.

ಈಗ ನಿಮಗಿರೋದು ಎರಡು ದಾರಿ. ಒಂದು ಗ್ರೇ ಬೆಲ್ಟ್, 155ನೇ ಪ್ಯಾರಾ. ಇನ್ನೊಂದು ಹಳೇದು, ‘ವೆರಿ ಸ್ಪೆಷಲ್ ಸರ್ಕಮ್‌ಸ್ಟಾನ್ಸಸ್’, 153ನೇ ಪ್ಯಾರಾ, ಅಂದ್ರೆ ತೀರಾ ವಿಶೇಷ ಸಂದರ್ಭ ಅಂತ ತೋರಿಸೋದು.

ಗ್ರೇ ಬೆಲ್ಟ್ ಅಂದ್ರೆ ಬರೀ ಹಳೇ ಪೆಟ್ರೋಲ್ ಬಂಕು, ಕಾರ್ ಪಾರ್ಕು ಅಂತ ಪೇಪರಲ್ಲಿ ಬಂದಿದ್ದನ್ನ ಓದಿ ಬಹಳ ಜನ ಖಾಲಿ ಹೊಲಕ್ಕೆ ಅದು ಅನ್ವಯಿಸಲ್ಲ ಅಂದ್ಕೊಂಡಿದಾರೆ. ಹಾಗಲ್ಲ. ಮೇಲೆ ಹೇಳಿದ ಐದು ಉದ್ದೇಶದಲ್ಲಿ ಮೂರಕ್ಕೆ, ಅಂದ್ರೆ ದೊಡ್ಡ ಊರು ಹರಡೋದನ್ನ ತಡೆಯೋದು, ಪಟ್ಟಣಗಳು ಸೇರದ ಹಾಗೆ ನೋಡ್ಕೊಳೋದು, ಐತಿಹಾಸಿಕ ಪಟ್ಟಣದ ಪರಿಸರ ಉಳಿಸೋದು, ಈ ಮೂರಕ್ಕೂ ನಿಮ್ಮ ಹೊಲ ಬಲವಾಗಿ ನೆರವಾಗ್ತಿಲ್ಲ ಅಂದ್ರೆ ಅದು ಗ್ರೇ ಬೆಲ್ಟ್ ಆಗ್ಬಹುದು. ಹಳ್ಳಿಗಾಡಿನ ಒತ್ತುವರಿ ಅನ್ನೋ ಉದ್ದೇಶ ಈ ಲೆಕ್ಕದಲ್ಲಿ ಇಲ್ಲ, ಗಮನಿಸಿ, ಖಾಲಿ ಹೊಲಕ್ಕೆ ಅತಿ ಹೆಚ್ಚು ತೊಡಕಾಗ್ತಿದ್ದಿದ್ದೇ ಅದು. 2025ರ ಫೆಬ್ರವರಿಯಲ್ಲಿ ಬಂದ ಸರ್ಕಾರಿ ಮಾರ್ಗದರ್ಶನದಲ್ಲಿ ಹಳ್ಳಿಗಳನ್ನ ‘ದೊಡ್ಡ ಊರು’ ಅಂತ ಲೆಕ್ಕಕ್ಕೆ ತಗೋಬಾರ್ದು ಅಂತಾನೂ ಇದೆ, ಹತ್ತಿರದಲ್ಲಿ ಬೆಳವಣಿಗೆಯನ್ನ ತಡೆದು ನಿಲ್ಲಿಸೋ ರೋಡು, ರೈಲ್ವೆ ಹಳಿ, ಕಾಡು ಇದ್ಯಾ, ಆಗ್ಲೇ ಪಟ್ಟಣದ ಛಾಯೆ ಬಿದ್ದಿದ್ಯಾ ಅಂತ ನೋಡಿ ಅಂತಾನೂ ಇದೆ. ನಿಮ್ಮ ಹೊಲದ ಮೇಲೆ ಪೈಲಾನ್ ಲೈನ್ ಹೋಗ್ತಿದ್ರೆ, ಸಬ್‌ಸ್ಟೇಷನ್ ಕಣ್ಣಿಗೆ ಬೀಳ್ತಿದ್ರೆ ಅದನ್ನ ಫೋಟೋ ಸಮೇತ ಬರೀರಿ. ನಿಮ್ಮ ತೊಂದ್ರೆ ಏನಂದ್ರೆ ನೀವಿರೋದು ಪಟ್ಟಣದ ಅಂಚಲ್ಲಿ, ಆ ಪಟ್ಟಣಕ್ಕೂ ಪಕ್ಕದ ಪಟ್ಟಣಕ್ಕೂ ನಡುವಿನ ಅಂತರ ಕಡಿಮೆ ಇದ್ರೆ ಕೌನ್ಸಿಲ್ ಇದೇ ಹೊಲ ಎರಡನ್ನೂ ಬೇರೆ ಇಟ್ಟಿರೋದು ಅಂತ ಹೇಳತ್ತೆ. ಕೌನ್ಸಿಲ್ ಮಾಡಿಸಿರೋ ಗ್ರೀನ್ ಬೆಲ್ಟ್ ರಿವ್ಯೂ ವೆಬ್‌ಸೈಟಲ್ಲಿ ಇರತ್ತೆ, ಅದರಲ್ಲಿ ನಿಮ್ಮ ಹೊಲ ಇರೋ ತುಂಡಿಗೆ ಏನು ಅಂಕ ಕೊಟ್ಟಿದಾರೆ ಅಂತ ಮೊದಲು ನೋಡಿ. ತುಂಡು ದೊಡ್ಡದಿದ್ದು ನಿಮ್ಮದು ಅದರ ಒಂದು ಮೂಲೆ ಆಗಿದ್ರೆ, ಆ ಅಂಕ ನಿಮ್ಮ ಮೂಲೆಗೆ ಹೊಂದತ್ತಾ ಅಂತ ಬೇರೆಯಾಗಿ ಅಳೆಸ್ಬೇಕು.

ಗ್ರೇ ಬೆಲ್ಟ್ ಆದ್ರೆ ಸಾಕು ಅಂತಲ್ಲ, ಜೊತೆಗೆ ಉಳಿದ ಗ್ರೀನ್ ಬೆಲ್ಟಿನ ಉದ್ದೇಶಕ್ಕೆ ಬುಡಮಟ್ಟದ ಧಕ್ಕೆ ಆಗ್ಬಾರ್ದು, ಈ ಥರದ ಡೆವಲಪ್‌ಮೆಂಟಿಗೆ ಪೂರೈಕೆ ಆಗದ ಬೇಡಿಕೆ ಇರ್ಬೇಕು, ಜಾಗ ಸಸ್ಟೇನಬಲ್ ಲೊಕೇಶನ್ ಆಗಿರ್ಬೇಕು. ಮನೆ ಕಟ್ಟೋರಿಗೆ ಈ ಕೊನೇದು ಬಸ್ಸು, ಸ್ಕೂಲಿನ ಪ್ರಶ್ನೆ. ಬ್ಯಾಟರಿಗೆ ಜನ ಬಂದು ಹೋಗಲ್ಲ, ಕಟ್ಟಿದ್ಮೇಲೆ ಆಗೊಮ್ಮೆ ಈಗೊಮ್ಮೆ ಮೇಂಟೆನೆನ್ಸ್ ವ್ಯಾನು ಅಷ್ಟೇ, ಹಾಗಾಗಿ ಸಬ್‌ಸ್ಟೇಷನ್ ಎಷ್ಟು ಹತ್ರ ಅನ್ನೋದನ್ನೇ ಮುಂದಿಟ್ಟು ವಾದ ಮಾಡ್ಬೇಕು. ಇವೆಲ್ಲ ದಾಟಿದ್ರೆ ನಿಮ್ಮ ಪ್ರಾಜೆಕ್ಟ್ ಗ್ರೀನ್ ಬೆಲ್ಟಿಗೆ ‘ಅನುಚಿತ’, ಅಂದ್ರೆ ಮೂಲತಃ ಇಲ್ಲಿ ಬರಬಾರದ್ದು, ಅನ್ನೋ ಹಣೆಪಟ್ಟಿಯಿಂದಾನೇ ಹೊರಗೆ ಬರತ್ತೆ, ಆಮೇಲೆ ಉಳಿಯೋದು ಶಬ್ದ, ಬೆಂಕಿ, ನೋಟ, ರಸ್ತೆ, ಎಲ್ಲ ಸೈಟಿಗೂ ಇರೋ ಮಾಮೂಲಿ ಪ್ರಶ್ನೆಗಳು.

ಆದ್ರೂ ಇದೊಂದನ್ನೇ ನಂಬ್ಕೋಬೇಡಿ. ಗ್ರೇ ಬೆಲ್ಟ್ ವಾದ ಮೊದಲು ಬರೀರಿ, ‘ಇದು ಒಪ್ಪಿಗೆ ಆಗ್ದೇ ಇದ್ರೆ’ ಅಂತ ಅದೇ ಅರ್ಜೀಲಿ ಎರಡನೇ ದಾರೀನೂ ಪೂರ್ತಿ ಬರೀರಿ. ಎರಡನೇ ದಾರೀಲಿ ತಕ್ಕಡಿ ಶುರುವಿಂದಾನೇ ನಿಮ್ಮ ವಿರುದ್ಧ ವಾಲಿರತ್ತೆ. ಗ್ರೀನ್ ಬೆಲ್ಟಿಗಾಗೋ ಯಾವ ಹಾನಿಗಾದ್ರೂ ದೊಡ್ಡ ತೂಕ ಕೊಡ್ಬೇಕು ಅಂತ ನೀತೀಲೇ ಇದೆ, ನಿಮ್ಮ ಪ್ರಯೋಜನಗಳು ಆ ಹಾನಿಯನ್ನೂ ಬೇರೆ ಎಲ್ಲ ಹಾನಿಯನ್ನೂ ಸೇರಿಸಿ ಸ್ಪಷ್ಟವಾಗಿ ಮೀರಿಸ್ಬೇಕು. ‘ಬೇರೆ ಹಾನಿ’ ಅಂದ್ರೆ ಗ್ರೀನ್ ಬೆಲ್ಟಿಗೆ ಸಂಬಂಧಪಟ್ಟಿದ್ದು ಮಾತ್ರ ಅಲ್ಲ, ಶಬ್ದ, ಲ್ಯಾಂಡ್‌ಸ್ಕೇಪು, ಹಳೇ ಚರ್ಚಿನ ಪರಿಸರ, ಎಲ್ಲಾನೂ ಅದೇ ತಕ್ಕಡೀಲಿ ಬೀಳತ್ತೆ ಅಂತ 2014ರಲ್ಲಿ ರೆಡ್‌ಹಿಲ್ ಏರೋಡ್ರೋಮ್ ಕೇಸಲ್ಲಿ ಕೋರ್ಟ್ ಆಫ್ ಅಪೀಲ್ ಹೇಳಿದೆ. ಹಾಗಾಗಿ ಶಬ್ದದ ವಿಷ್ಯದಲ್ಲಿ ನೀವು ಉಳಿಸಿದ ಒಂದೊಂದು ಡೆಸಿಬಲ್ಲೂ ಗ್ರೀನ್ ಬೆಲ್ಟ್ ವಾದಕ್ಕೇ ನೆರವಾಗತ್ತೆ.

‘ಓಪನ್‌ನೆಸ್’ ಅನ್ನೋದು, ಅಂದ್ರೆ ಜಾಗ ಬಯಲಾಗಿರೋದು, ಎರಡು ಥರ ಅಳೀತಾರೆ. ನೆಲದ ಮೇಲೆ ಎಷ್ಟು ಕಟ್ಟಿದೀರ ಅನ್ನೋದು ಒಂದು, ಕಣ್ಣಿಗೆ ಎಷ್ಟು ಬೀಳತ್ತೆ ಅನ್ನೋದು ಇನ್ನೊಂದು. ಹೆಡ್ಜ್ ಬೆಳೆಸಿ ಮುಚ್ಚಿದ್ರೆ ಎರಡನೇದು ಕಡಿಮೆ ಆಗತ್ತೆ, ಮೊದಲನೇದು ಹಾಗೇ ಉಳಿಯತ್ತೆ, ಹಾಗಾಗಿ ‘ಕಾಣ್ಸೋದೇ ಇಲ್ಲ, ಹಾನಿ ಇಲ್ಲ’ ಅಂತ ಬರೀಬೇಡಿ. ಸ್ಯಾಮ್ಯುಯಲ್ ಸ್ಮಿತ್ ಬ್ರೂವರಿ ಕೇಸಲ್ಲಿ 2020ರಲ್ಲಿ ಸುಪ್ರೀಂ ಕೋರ್ಟ್, ನೋಟದ ಪರಿಣಾಮ ಎಷ್ಟರ ಮಟ್ಟಿಗೆ ಮುಖ್ಯ ಅನ್ನೋದು ಪ್ಲಾನಿಂಗ್ ವಿವೇಚನೆಗೆ ಬಿಟ್ಟಿದ್ದು ಅಂತ ಹೇಳಿದೆ, ಅಂದ್ರೆ ತೀರ್ಮಾನ ಮಾಡೋರ ಮುಂದೆ ನೀವು ಯಾವ ಚಿತ್ರ ಇಡ್ತೀರ ಅನ್ನೋದು ಎಣಿಕೆಗೆ ಬರತ್ತೆ. 40 ವರ್ಷಕ್ಕೆ ಮಾತ್ರ, ಆಮೇಲೆ ತೆಗೆದು ಹೊಲ ಮಾಡಿ ಕೊಡ್ತೀವಿ ಅನ್ನೋ ಕಂಡೀಷನ್ ಸಾಮಾನ್ಯ, ಸರ್ಕಾರಿ ಮಾರ್ಗದರ್ಶನದಲ್ಲೂ ಅವಧಿ, ಮತ್ತೆ ಮೊದಲಿನ ಹಾಗೆ ಮಾಡೋಕಾಗತ್ತಾ ಅನ್ನೋದನ್ನ ಪರಿಗಣಿಸಿ ಅಂತ ಇದೆ. ಆದ್ರೆ 40 ವರ್ಷ ಅಂದ್ರೆ ಪಕ್ಕದ ಮನೆಯವರ ಪಾಲಿಗೆ ಒಂದು ಆಯಸ್ಸು, ಅದನ್ನ ತಾತ್ಕಾಲಿಕ ಅಂತ ಜೋರಾಗಿ ಹೇಳಿದಷ್ಟೂ ಓದೋರಿಗೆ ಕಿರಿಕಿರಿ ಆಗತ್ತೆ.

ಇನ್ನು ನಿಮ್ಮ ಬಾಸ್ ಹೇಳೋ ರಾಷ್ಟ್ರೀಯ ಅಗತ್ಯ. ಅದು ಸುಳ್ಳಲ್ಲ. 2024ರ ಡಿಸೆಂಬರಲ್ಲಿ ಬಂದ ಕ್ಲೀನ್ ಪವರ್ 2030 ಆಕ್ಷನ್ ಪ್ಲಾನಲ್ಲಿ 2030ಕ್ಕೆ 23ರಿಂದ 27 ಗಿಗಾವ್ಯಾಟ್ ಬ್ಯಾಟರಿ ಬೇಕು ಅಂತಿದೆ, ಆಗ ಇದ್ದಿದ್ದು 4.5 ಗಿಗಾವ್ಯಾಟ್ ಆಸುಪಾಸು. 168ನೇ ಪ್ಯಾರಾ ಪ್ರಕಾರ ಕೌನ್ಸಿಲ್ ನಿಮ್ಮನ್ನ ‘ಒಟ್ಟಾರೆ ಅಗತ್ಯ ಸಾಬೀತು ಮಾಡಿ’ ಅಂತ ಕೇಳೋ ಹಾಗೂ ಇಲ್ಲ, ನೆಟ್ ಝೀರೋಗೆ (ನಿವ್ವಳ ಇಂಗಾಲದ ಹೊರಸೂಸುವಿಕೆಯನ್ನ ಸೊನ್ನೆಗೆ ಇಳಿಸೋ ಗುರಿಗೆ) ಆಗೋ ನೆರವಿಗೆ ಗಣನೀಯ ತೂಕ ಕೊಡ್ಬೇಕು. ಬ್ಯಾಟರಿ ತಾನಾಗಿ ಒಂದು ಯೂನಿಟ್ಟೂ ಕರೆಂಟ್ ಹುಟ್ಟಿಸಲ್ಲವಲ್ಲ, ಅದು ರಿನ್ಯೂವಬಲ್ ಹೇಗಾಗತ್ತೆ ಅಂತ ವಿರೋಧಿಸೋರು ಕೇಳ್ತಾರೆ, ಕೇಳೋದ್ರಲ್ಲಿ ನ್ಯಾಯ ಇದೆ. ರಾತ್ರಿ ಗಾಳಿ ಜೋರಿದ್ದು ಬಳಸೋರಿಲ್ಲದಾಗ ವಿಂಡ್ ಫಾರ್ಮನ್ನ ದುಡ್ಡು ಕೊಟ್ಟು ನಿಲ್ಲಿಸ್ತಾರೆ, ಸಂಜೆ ಎಲ್ಲರೂ ಅಡುಗೆ ಶುರು ಮಾಡಿದಾಗ ಗ್ಯಾಸ್ ಪ್ಲಾಂಟ್ ಓಡಿಸ್ತಾರೆ, ಆ ಎರಡರ ನಡುವಿನ ಕೆಲಸ ನಿಮ್ಮ ಬ್ಯಾಟರೀದು ಅಂತ ನೇರವಾಗಿ ವಿವರಿಸಿ, ಕಾಲಕಾಲಕ್ಕೆ ಗ್ರಿಡ್ಡಿನಿಂದ ಎಲ್ಲ ಥರದ ಕರೆಂಟೂ ತುಂಬ್ಕೊಳತ್ತೆ ಅನ್ನೋದನ್ನ ಮುಚ್ಚಿಡಬೇಡಿ. ಇಷ್ಟು ಹೇಳಿ ನಿಲ್ಲಿಸಿ, ಯಾಕಂದ್ರೆ ಈ ಅಗತ್ಯ ಗ್ರೀನ್ ಬೆಲ್ಟಿನ ಆಚೆಗಿರೋ ಹೊಲಕ್ಕೂ, ಹಳೇ ಫ್ಯಾಕ್ಟರಿ ಜಾಗಕ್ಕೂ ಅಷ್ಟೇ ನಿಜ. 23 ಗಿಗಾವ್ಯಾಟ್ ಬೇಕು ಅನ್ನೋದ್ರಿಂದ ಈ ಆರು ಎಕರೆ ಬೇಕು ಅಂತ ಆಗಲ್ಲ.

ಅದಕ್ಕೇ ಸೈಟ್ ಸರ್ಚ್ ರಿಪೋರ್ಟು. ನಿಮ್ಮ ಶ್ರಮ, ದುಡ್ಡು ಹೆಚ್ಚು ಹೋಗ್ಬೇಕಾಗಿರೋದು ಇಲ್ಲಿಗೆ, ಮತ್ತೆ ಬಹಳಷ್ಟು ಕಂಪನಿಗಳು ಕೊನೇ ವಾರದಲ್ಲಿ ಎರಡು ಪುಟ ಬರೆದು ಕೈತೊಳ್ಕೊಳೋದೂ ಇಲ್ಲೇ. ರೈತರು ಸಿಕ್ಕಿದ್ರು, ಆಮೇಲೆ ಕಾರಣ ಹುಡುಕಿದ್ವಿ ಅನ್ನೋ ವಾಸನೆ ಆ ಎರಡು ಪುಟದಿಂದ ಬಂದೇ ಬರತ್ತೆ, ಅಪೀಲು ತೀರ್ಮಾನ ಮಾಡೋ ಅನುಭವಿ ಇನ್‌ಸ್ಪೆಕ್ಟರಿಗೆ ಅದು ಮೊದಲ ಓದಲ್ಲೇ ಗೊತ್ತಾಗತ್ತೆ.

ಶುರು ಮಾಡ್ಬೇಕಾಗಿರೋದು ನೆಲದಿಂದಲ್ಲ, ಗ್ರಿಡ್ಡಿನಿಂದ. ನಿಮ್ಮ ಪ್ರದೇಶದ ಡಿಸ್ಟ್ರಿಬ್ಯೂಷನ್ ಕಂಪನಿಯವರು ಕನೆಕ್ಷನ್ ಎಲ್ಲಿ ಕೊಡ್ತಾರೆ, ಯಾವ ಬಸ್‌ಬಾರಲ್ಲಿ ಬೇ (ಲೈನ್ ಸೇರಿಸೋ ಜಾಗ) ಖಾಲಿ ಇದೆ, ಫಾಲ್ಟ್ ಲೆವೆಲ್ (ಶಾರ್ಟ್ ಆದಾಗಿನ ಕರೆಂಟ್ ತಾಳೋ ಮಿತಿ) ಎಷ್ಟು ಉಳಿದಿದೆ, ಯಾವ ವರ್ಷಕ್ಕೆ ಅಂತ ಆಫರ್ ಲೆಟರಲ್ಲಿರತ್ತೆ. ಅದಕ್ಕಿಂತ ಮುಂಚೆ ‘ಇದೇ ಪ್ರದೇಶದಲ್ಲಿ ಗ್ರೀನ್ ಬೆಲ್ಟಿನ ಆಚೆ ಇರೋ ಸಬ್‌ಸ್ಟೇಷನ್ನುಗಳಲ್ಲಿ ಇಷ್ಟೇ ಸಾಮರ್ಥ್ಯ ಸಿಗತ್ತಾ, ಯಾವಾಗ ಸಿಗತ್ತೆ’ ಅಂತ ಒಂದು ಪತ್ರ ಬರೆದು ಲಿಖಿತವಾಗಿ ಉತ್ತರ ತಗೊಳ್ಳಿ. ವಿಚಾರಣೇಲಿ ಮೊದಲು ಬರೋ ಪ್ರಶ್ನೆ ‘ಬೇರೆ ಸಬ್‌ಸ್ಟೇಷನ್ ಯಾಕಾಗಲ್ಲ’ ಅಂತ, ಅದಕ್ಕೆ ನಿಮ್ಮ ಕನ್ಸಲ್ಟೆಂಟಿನ ಮಾತಿಗಿಂತ ನೆಟ್‌ವರ್ಕ್ ಕಂಪನಿಯ ಪತ್ರಕ್ಕೆ ಬೆಲೆ. ಲಂಡನ್ ಸುತ್ತಮುತ್ತ ದೊಡ್ಡ ಸಬ್‌ಸ್ಟೇಷನ್ನುಗಳನ್ನ ಊರಾಚೆ ಕಟ್ಟಿದಾರೆ, ಊರಾಚೆ ಅಂದ್ರೆ ಎಷ್ಟೋ ಕಡೆ ಅದೇ ಗ್ರೀನ್ ಬೆಲ್ಟ್, ಇದನ್ನ ಮ್ಯಾಪಲ್ಲಿ ಬಣ್ಣ ಹಾಕಿ ತೋರಿಸಿದ್ರೆ ಅರ್ಧ ವಾದ ಮುಗೀತು.

ಆಮೇಲೆ ಸಬ್‌ಸ್ಟೇಷನ್ ಸುತ್ತ ಒಂದು ವೃತ್ತ. ಎಷ್ಟು ಕಿಲೋಮೀಟರ್ ಅನ್ನೋದಕ್ಕೆ ನೀತೀಲಿ ನಿಗದಿ ಇಲ್ಲ, ನಿಮ್ಮ ದೂರಕ್ಕೆ ನೀವೇ ಕಾರಣ ಕೊಡ್ಬೇಕು, ಕೇಬಲ್ ಖರ್ಚು, ಮೋಟರ್‌ವೇ ಅಥವಾ ರೈಲ್ವೆ ದಾಟೋ ಕಷ್ಟ, ದಾರೀಲಿರೋ ಜಮೀನಿನವರ ಒಪ್ಪಿಗೆ. ಆ ವೃತ್ತದೊಳಗೆ ಹಿಂದೆ ಕಟ್ಟಿ ಬಳಸಿದ್ದ ಜಾಗಗಳ ಬ್ರೌನ್‌ಫೀಲ್ಡ್ ಪಟ್ಟಿ, ಇಂಡಸ್ಟ್ರಿಯಲ್ ಎಸ್ಟೇಟು, ಲೋಕಲ್ ಪ್ಲಾನಿನ ಎಂಪ್ಲಾಯ್‌ಮೆಂಟ್ ಜಾಗ, ಗ್ರೀನ್ ಬೆಲ್ಟ್ ಅಲ್ಲದ ಹೊಲ, ಗ್ರೀನ್ ಬೆಲ್ಟೇ ಆದ್ರೂ ಆಗ್ಲೇ ಕಟ್ಟಿ ಕೆಟ್ಟಿರೋ ಜಾಗ, ಇದೇ ಕ್ರಮದಲ್ಲಿ ಒಂದೊಂದನ್ನೂ ನೋಡಿ ಯಾಕೆ ಬಿಟ್ವಿ ಅಂತ ಬರೀರಿ. ಚಿಕ್ಕದು, ಪ್ರವಾಹ ಬರೋ ವಲಯ, ಮನೆಗೆ ಮಂಜೂರಾಗಿದೆ, ಮಾಲೀಕರು ಒಪ್ಪಲಿಲ್ಲ. ಕೊನೇದಕ್ಕೆ ಪುರಾವೆ ಬೇಕು, ಬರೆದ ಪತ್ರ, ಬಂದ ಉತ್ತರ, ಅಥವಾ ಉತ್ತರ ಬರದೇ ಇದ್ದಿದ್ದು. ನಿಮ್ಮ ಬಾಸಿಗೆ ಇದು ವ್ಯರ್ಥ ಖರ್ಚು ಅನ್ನಿಸ್ಬಹುದು. ಆದ್ರೆ ನಿಜವಾಗ್ಲೂ ಹುಡುಕಿದಾಗ ಎರಡೇ ಆಗೋದು, ಇನ್ನೂ ಒಳ್ಳೇ ಜಾಗ ಸಿಗತ್ತೆ, ಇಲ್ಲಾ ನಿಮ್ಮ ಹೊಲಕ್ಕೆ ಗಟ್ಟಿ ಆಧಾರ ಸಿಗತ್ತೆ. ಮೊದಲನೇದು ಆದ್ರೆ ದಯವಿಟ್ಟು ಆ ಜಾಗಕ್ಕೇ ಹೋಗಿ, ನಾನಿದನ್ನ ಮನಸ್ಸಿಟ್ಟು ಹೇಳ್ತಿದೀನಿ, ಕಟ್ಟಿದ್ಮೇಲೆ ಬಯಲು ಬಯಲಾಗಿ ಉಳಿಯಲ್ಲ.

ಈಗ ಲೇಔಟಿಗೆ ಬನ್ನಿ, ನಿಮ್ಮ ಆರು ಎಕರೆ ಹೇಗೆ ಕರಗತ್ತೆ ನೋಡಿ. ಆರು ಎಕರೆ ಅಂದ್ರೆ ಸುಮಾರು 24,000 ಚದರ ಮೀಟರ್, ಚೌಕ ಅಂತ ಇಟ್ಕೊಂಡ್ರೆ ಒಂದು ಬದಿ 155 ಮೀಟರ್. ಇಲ್ಲಿನ ಅಗ್ನಿಶಾಮಕ ಮುಖ್ಯಸ್ಥರ ಪರಿಷತ್ತು, ಎನ್‌ಎಫ್‌ಸಿಸಿ, 2022ರ ಮಾರ್ಗದರ್ಶನದಲ್ಲಿ ಬೇರೆ ರಕ್ಷಣೆ ಇಲ್ಲದಿದ್ರೆ ಬ್ಯಾಟರಿ ಇರೋ ಕಂಟೇನರಿಂದ ಜನ ಇರೋ ಕಟ್ಟಡಕ್ಕೂ ಸೈಟಿನ ಗಡಿಗೂ 25 ಮೀಟರ್ ಅಂತರ ಬೇಕು ಅಂತ ಶುರು ಮಾಡತ್ತೆ. ನಾಲ್ಕೂ ಕಡೆ 25 ಬಿಟ್ರೆ ಒಳಗೆ ಉಳಿಯೋದು 105 ಮೀಟರಿನ ಚೌಕ, ಎರಡೂಮುಕ್ಕಾಲು ಎಕರೆಗೂ ಚೂರು ಕಡಿಮೆ. ಕಂಟೇನರ್ ಕಂಟೇನರ್ ನಡುವೆ 6 ಮೀಟರ್, ಕಡಿಮೆ ಮಾಡೋದಾದ್ರೆ ಟೆಸ್ಟ್ ಫಲಿತಾಂಶದ ಆಧಾರ ಬೇಕು. ಈಗ ಸಿಗೋ 20 ಅಡಿ ಕಂಟೇನರ್ ಒಂದರಲ್ಲಿ 5 ಮೆಗಾವ್ಯಾಟ್ ಅವರ್ ಹತ್ತಿರ ಹಿಡಿಸ್ತಾರೆ, ನಿಮ್ಮ 50 ಮೆಗಾವ್ಯಾಟ್ ಎರಡು ಗಂಟೆಗೆ, ಅಂದ್ರೆ 100 ಮೆಗಾವ್ಯಾಟ್ ಅವರ್‌ಗೆ, ಇಪ್ಪತ್ತಕ್ಕೂ ಹೆಚ್ಚು ಕಂಟೇನರ್ ಆಗತ್ತೆ, ಜೊತೆಗೆ ಇನ್ವರ್ಟರು, ಟ್ರಾನ್ಸ್‌ಫಾರ್ಮರು, ಸ್ವಿಚ್‌ರೂಮು, 132 ಕೆವಿ ಕಾಂಪೌಂಡು, ಫೈರ್ ಎಂಜಿನ್ ತಿರುಗೋ ರಸ್ತೆ. ಗಾಳಿ ಯಾವ ದಿಕ್ಕಿಗೆ ಬೀಸಿದ್ರೂ ಹೊಗೆ ಇಲ್ಲದ ಕಡೆಯಿಂದ ಒಳಗೆ ಬರೋಕಾಗ್ಲಿ ಅಂತ ಎರಡು ಬೇರೆ ಬೇರೆ ಪ್ರವೇಶ ಬೇಕು. ನೀರು ನಿಮಿಷಕ್ಕೆ 1,900 ಲೀಟರ್, ಕನಿಷ್ಠ ಎರಡು ಗಂಟೆ, ಅಂದ್ರೆ 2,28,000 ಲೀಟರ್, ಮೇನ್ಸ್ ಅಷ್ಟು ಕೊಡದಿದ್ರೆ ಟ್ಯಾಂಕು. ಆ ನೀರು ಬಳಸಿದ್ಮೇಲೆ ವಿಷದ ನೀರು, ಹಳ್ಳಕ್ಕೆ ಬಿಡೋ ಹಾಗಿಲ್ಲ, ಕೆಳಗೆ ಲೈನರ್ ಹಾಕಿದ ಕೊಳ, ಮುಚ್ಚೋ ವಾಲ್ವು ಬೇಕು, ಅಂತರ್ಜಲ ರಕ್ಷಣಾ ವಲಯ ಆಗಿದ್ರೆ ಇನ್ನೂ ಬಿಗಿ. ಈ ಮಾರ್ಗದರ್ಶನವನ್ನ ಪರಿಷ್ಕರಿಸೋ ಕೆಲಸ 2024ರಲ್ಲೇ ಶುರುವಾಗಿದೆ, ಹಾಗಾಗಿ ಚಾಲ್ತೀಲಿರೋ ಆವೃತ್ತಿ ಯಾವುದು ಅಂತ ನೋಡಿ.

ಹೀಗೆ ಅಳತೆ ಹಾಕ್ತಾ ಹೋದಾಗ ಒಂದಕ್ಕೊಂದು ಎದುರು ನಿಲ್ಲೋ ಬೇಡಿಕೆಗಳು ಕಾಣ್ಸತ್ತೆ. ಲ್ಯಾಂಡ್‌ಸ್ಕೇಪ್ ಆರ್ಕಿಟೆಕ್ಟ್ ‘ಫುಟ್‌ಪಾತಿಂದ ಕಾಣದ ಹಾಗೆ ದಟ್ಟವಾಗಿ ಗಿಡ ಹಾಕಿ’ ಅಂತಾರೆ, ಬೆಂಕಿ ಮಾರ್ಗದರ್ಶನ ಕಂಟೇನರಿಂದ 10 ಮೀಟರ್ ಒಳಗೆ ಹತ್ಕೊಳೋ ಗಿಡಗಂಟೆ ಇರಬಾರ್ದು ಅನ್ನತ್ತೆ. ಶಬ್ದದ ಕನ್ಸಲ್ಟೆಂಟ್ ನಾಲ್ಕು ಮೀಟರ್ ಎತ್ತರದ ಅಕೌಸ್ಟಿಕ್ ಗೋಡೆ ಹಾಕಿ ಅಂತಾರೆ, ಆ ಗೋಡೆ ಸುಮಾರು ಮೂರು ಮೀಟರಿನ ಕಂಟೇನರಿಗಿಂತ ಎತ್ತರ, ಓಪನ್‌ನೆಸ್ಸಿಗೆ ಕಂಟೇನರಿಗಿಂತ ಹೆಚ್ಚು ಹಾನಿ ಅದರಿಂದಾನೇ. ಇವರನ್ನೆಲ್ಲ ಬೇರೆ ಬೇರೆ ಕೂರಿಸಿ ಬೇರೆ ಬೇರೆ ರಿಪೋರ್ಟ್ ಬರೆಸಿದ್ರೆ ಒಂದರಲ್ಲಿ ಬೇಲಿ 2.4 ಮೀಟರ್, ಇನ್ನೊಂದರಲ್ಲಿ 4 ಮೀಟರ್ ಅಂತ ಬರತ್ತೆ, ವಿರೋಧ ಮಾಡೋ ಊರಿನವರು ಅದನ್ನ ಹುಡುಕೇ ಹುಡುಕ್ತಾರೆ. ಎಲ್ಲರನ್ನೂ ಒಂದೇ ಮೇಜಿನ ಸುತ್ತ, ಒಂದೇ ಡ್ರಾಯಿಂಗ್ ಮೇಲೆ ಕೂರಿಸಿ. ನನ್ನ ಅಭಿಪ್ರಾಯ ಕೇಳಿದ್ರೆ ಗೋಡೆ ಎತ್ತರಿಸೋಕಿಂತ ಕಡಿಮೆ ಶಬ್ದದ ಫ್ಯಾನ್ ಇರೋ ಕೂಲಿಂಗ್ ತಗೊಳ್ಳಿ, ಇನ್ವರ್ಟರುಗಳನ್ನ ಮನೆಗಳಿಂದ ದೂರದ ಬದಿಗೆ ಹಾಕಿ, 50 ಮೆಗಾವ್ಯಾಟ್ ಹಿಡಿಸ್ದೇ ಇದ್ರೆ 40ಕ್ಕೆ ಇಳಿಸಿ. ಶಬ್ದ ಅಳೆಯೋದು ಬಿಎಸ್ 4142 ಅನ್ನೋ ಬ್ರಿಟಿಷ್ ಮಾನದಂಡದ ಪ್ರಕಾರ, ಊರೆಲ್ಲ ಮಲಗಿರೋ ಹೊತ್ತಿನ ಹಿನ್ನೆಲೆ ಶಬ್ದಕ್ಕೆ ಹೋಲಿಸಿ, ಬೇಸಿಗೆ ರಾತ್ರಿ ಕಿಟಕಿ ತೆಗೆದಿರೋ ಮನೆಯವರನ್ನ ಮನಸ್ಸಲ್ಲಿಟ್ಕೊಂಡು ಓದಿ ಆ ರಿಪೋರ್ಟನ್ನ. ಫುಟ್‌ಪಾತಿನ ಫೋಟೋಗಳನ್ನ ಎಲೆ ಉದುರಿದ ಜನವರಿ ಫೆಬ್ರವರೀಲಿ ತೆಗೆಸಿ, ಜೂನಲ್ಲಿ ತೆಗೆದ ಫೋಟೋ ಯಾರೂ ನಂಬಲ್ಲ.

ಬೆಂಕಿಯ ಭಯವನ್ನ ಹಗುರವಾಗಿ ತಗೋಬೇಡಿ. 2020ರ ಸೆಪ್ಟೆಂಬರಲ್ಲಿ ಲಿವರ್‌ಪೂಲಿನ ಕಾರ್ನೆಗೀ ರೋಡಲ್ಲಿ 20 ಮೆಗಾವ್ಯಾಟ್ ಬ್ಯಾಟರಿ ಸೈಟಿನ ಒಂದು ಕಂಟೇನರ್ ಸ್ಫೋಟ ಆಗಿ ಹತ್ತಿ ಉರೀತು, ಅಗ್ನಿಶಾಮಕ ದಳದವರು ಎರಡು ದಿನಕ್ಕೂ ಹೆಚ್ಚು ಅಲ್ಲಿರ್ಬೇಕಾಯ್ತು. 2025ರ ಫೆಬ್ರವರಿಯಲ್ಲಿ ಎಸೆಕ್ಸಿನ ಈಸ್ಟ್ ಟಿಲ್ಬರೀಲಿ ಇನ್ನೂ ಕಟ್ತಿದ್ದ ಸೈಟಲ್ಲೇ ಬೆಂಕಿ ಬಿತ್ತು. ಲಿಥಿಯಂ ಸೆಲ್ ಒಂದು ಕಾದು, ಬಿಸಿ ತಾನಾಗೇ ಏರ್ತಾ ಹೋಗೋ ಥರ್ಮಲ್ ರನ್‌ಅವೇ ಶುರುವಾದ್ರೆ ಪಕ್ಕದ್ದಕ್ಕೂ ದಾಟತ್ತೆ, ಸುಡೋ ಗ್ಯಾಸ್ ಬರತ್ತೆ, ಹೈಡ್ರೋಜನ್ ಫ್ಲೋರೈಡ್ ಥರದ ವಿಷಾನೂ ಬರತ್ತೆ. ಈಗ ಹೆಚ್ಚಾಗಿ ಬಳಸೋ ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಸೆಲ್ಲುಗಳು ಹಳೇ ನಿಕಲ್ ಕೆಮಿಸ್ಟ್ರಿಗಿಂತ ಹೆಚ್ಚು ಬಿಸಿ ತಡ್ಕೋತವೆ, ಆದ್ರೆ ಬೆಂಕಿ ಬೀಳೋದೇ ಇಲ್ಲ ಅಂತ ಮೀಟಿಂಗಲ್ಲಿ ಹೇಳ್ಬೇಡಿ. ಲೋಕಲ್ ಫೈರ್ ಸರ್ವೀಸನ್ನ ಕೇಳಲೇಬೇಕು ಅಂತ ಕಾನೂನಿಲ್ಲ, ಆದ್ರೆ ತೀರ್ಮಾನಕ್ಕೆ ಮುಂಚೆ ಕೇಳಿ ಅಂತ 2023ರ ಆಗಸ್ಟಿಂದ ಸರ್ಕಾರಿ ಮಾರ್ಗದರ್ಶನ ಇದೆ. ಕೌನ್ಸಿಲ್ ಕೇಳೋವರೆಗೆ ಕಾಯದೆ ನೀವೇ ಮೊದಲು ಡ್ರಾಯಿಂಗ್ ತಗೊಂಡು ಹೋಗಿ, ಅವರು ಹೇಳಿದ್ದನ್ನ ಡ್ರಾಯಿಂಗಲ್ಲಿ ತಿದ್ದಿ, ತಿದ್ದಿದ್ದನ್ನ ಅರ್ಜೀಲಿ ಬರೀರಿ. ಸೆಲ್ ಯಾವುದು ಅನ್ನೋದು ಕೊಳ್ಳೋವಾಗ ಗೊತ್ತಾಗತ್ತೆ ಅಂತ ಆ ವಿವರಾನೆಲ್ಲ ಪರ್ಮಿಷನ್ ಆದ್ಮೇಲೆ ಪೂರೈಸೋ ಕಂಡೀಷನ್ನಿಗೆ ತಳ್ಳೋದು ಈ ಉದ್ಯಮದ ಅಭ್ಯಾಸ, ಗ್ರೀನ್ ಬೆಲ್ಟಲ್ಲಿ ಅದು ದುಬಾರಿ ಆಗತ್ತೆ, ಯಾಕಂದ್ರೆ ಅಂತರ ಬದಲಾದ್ರೆ ಲೇಔಟೇ ಬದಲಾಗತ್ತೆ.

ಹುಲ್ಲುಗಾವಲು ಅಂದ್ರಲ್ಲ, ಮಣ್ಣಿನ ದರ್ಜೆ ಪರೀಕ್ಷೆ ಮಾಡಿಸಿ, 1, 2 ಅಥವಾ 3ಎ ಬಂದ್ರೆ ಅದು ಒಳ್ಳೇ ಕೃಷಿ ಭೂಮಿ ಅಂತ ಇನ್ನೊಂದು ಆಕ್ಷೇಪಣೆ ಸೇರ್ಕೊಳತ್ತೆ. ಜೀವವೈವಿಧ್ಯ 10 ಪರ್ಸೆಂಟ್ ಹೆಚ್ಚಿಸೋದು 2024ರ ಫೆಬ್ರವರಿ 12ರಿಂದ ದೊಡ್ಡ ಅರ್ಜಿಗಳಿಗೆಲ್ಲ ಕಡ್ಡಾಯ, 30 ವರ್ಷ ನೋಡ್ಕೋಬೇಕು. ಕಡ್ಡಾಯ ಇರೋದನ್ನ ಮಾಡ್ತೀವಿ ಅಂತ ಹೇಳಿದ್ರೆ ಹೆಚ್ಚು ತೂಕ ಸಿಗಲ್ಲ, 10ರ ಮೇಲೆ ಎಷ್ಟು ಕೊಡ್ತೀರ ಅನ್ನೋದೇ ಲೆಕ್ಕ.

ಊರಿನವರ ಬಗ್ಗೆ. ನಮ್ಮ ತುಮಕೂರು ಜಿಲ್ಲೆಯ ಪಾವಗಡದಲ್ಲಿ 2,050 ಮೆಗಾವ್ಯಾಟ್ ಸೋಲಾರ್ ಪಾರ್ಕಿಗೆ ಜಮೀನನ್ನ ಕೊಂಡ್ಕೊಳ್ದೆ ರೈತರಿಂದ ಎಕರೆಗೆ ವರ್ಷಕ್ಕೆ 21,000 ರೂಪಾಯಿ ಅಂತ ಲೀಸಿಗೆ ತಗೊಂಡ್ರು, ಇಲ್ಲೂ ಲೀಸೇ, ಆದ್ರೆ ಪಾವಗಡದಲ್ಲಿ ಪಕ್ಕದ ಹೊಲದವನೂ ಬಾಡಿಗೆ ಎಣಿಸ್ತಿದ್ದ, ಇಲ್ಲಿ ಬಾಡಿಗೆ ಒಬ್ಬರಿಗೆ, ನೋಟ ಮತ್ತು ಶಬ್ದ ಉಳಿದವರಿಗೆ. ಆ ಅಸಮಾನತೆ ಅವರ ಸಿಟ್ಟಿನ ಬುಡದಲ್ಲಿರತ್ತೆ, ಅದು ನ್ಯಾಯವಾದ ಸಿಟ್ಟು. ಅರ್ಜಿ ಹಾಕೋ ಮುಂಚೆ ಪ್ಯಾರಿಷ್ ಕೌನ್ಸಿಲ್ಲಿಗೆ (ನಮ್ಮ ಗ್ರಾಮ ಪಂಚಾಯ್ತಿ ಥರದ್ದು) ಹೋಗಿ, ಆ 200 ಮೀಟರ್ ದೂರದ ಮನೆಗಳಿಗೆ ಒಬ್ಬೊಬ್ಬರಾಗಿ ಹೋಗಿ, ಅವರ ಮಹಡಿ ಕಿಟಕಿಯಿಂದ ಏನು ಕಾಣ್ಸತ್ತೆ ಅಂತ ಅಲ್ಲೇ ನಿಂತು ನೋಡಿ. ಕರಪತ್ರ ಹಂಚಿ ಕನ್ಸಲ್ಟೇಷನ್ ಆಯ್ತು ಅನ್ನೋದು ಸಾಲಲ್ಲ. ಕೌನ್ಸಿಲರುಗಳು ಓಟು ಹಾಕೋ ಕಮಿಟೀಲಿ ಆಫೀಸರ್ ಒಪ್ಪಿಗೆ ಶಿಫಾರಸು ಮಾಡಿದ್ರೂ ತಿರಸ್ಕಾರ ಆಗ್ಬಹುದು.

ಕ್ರಮ ಹೀಗಿಟ್ಕೊಳ್ಳಿ. ನೆಟ್‌ವರ್ಕ್ ಕಂಪನಿಯ ಉತ್ತರ, ಸೈಟ್ ಸರ್ಚ್, ಫೈರ್ ಸರ್ವೀಸ್ ಭೇಟಿ, ಆಮೇಲೆ ಕೌನ್ಸಿಲ್ ಜೊತೆ ಪ್ರೀ-ಆಪ್ (ಅರ್ಜಿಗೆ ಮುಂಚಿನ ಸಲಹೆ), ಪರಿಸರ ಪರಿಣಾಮ ವರದಿ ಬೇಕಾ ಅಂತ ಸ್ಕ್ರೀನಿಂಗ್ ಉತ್ತರ, ಆಮೇಲೆ ಅರ್ಜಿ. ದೊಡ್ಡ ಅರ್ಜಿಗೆ ಕಾನೂನಿನ ಅವಧಿ 13 ವಾರ, ನಿಜದಲ್ಲಿ ಅದನ್ನ ಒಪ್ಪಿಗೆ ಮೇರೆಗೆ ಮುಂದೂಡ್ತಾ ಹೋಗ್ತಾರೆ. ಅನುಚಿತ ಡೆವಲಪ್‌ಮೆಂಟ್ ಆಗಿದ್ದು ಓಪನ್‌ನೆಸ್ ಮೇಲೆ ಗಣನೀಯ ಪರಿಣಾಮ ಇದ್ರೆ, ಕೌನ್ಸಿಲ್ ಒಪ್ಪೋಕೆ ಮುಂಚೆ ಮಂತ್ರಿಗಳಿಗೆ ಕಳಿಸ್ಬೇಕು, ತಾವೇ ತೀರ್ಮಾನ ಮಾಡ್ಬೇಕಾ ಅಂತ ನೋಡೋಕೆ ಅವರಿಗೆ 21 ದಿನ. ತಿರಸ್ಕಾರ ಆದ್ರೆ ಅಪೀಲಿಗೆ ಆರು ತಿಂಗಳು, ಬಿಟ್ಟುಹೋದ ಪುರಾವೇನ ಅಪೀಲಲ್ಲಿ ಸೇರಿಸ್ಬಹುದು ಅನ್ನೋ ನಂಬಿಕೆ ಬೇಡ, ಎಲ್ಲ ಮೊದಲ ಅರ್ಜೀಲೇ ಇರ್ಲಿ. ಒಪ್ಪಿಗೆ ಆದ್ರೆ ವಿರೋಧಿಸಿದವರಿಗೆ ಅಪೀಲಿಲ್ಲ, ಜುಡಿಷಿಯಲ್ ರಿವ್ಯೂಗೆ, ಅಂದ್ರೆ ತೀರ್ಮಾನ ಕಾನೂನುಬದ್ಧವಾ ಅಂತ ಕೋರ್ಟಲ್ಲಿ ಪ್ರಶ್ನಿಸೋಕೆ, ಆರು ವಾರ ಇರತ್ತೆ, ಅದು ಮುಗಿಯೋವರೆಗೆ ಟ್ರಾನ್ಸ್‌ಫಾರ್ಮರಿಗೆ ಆರ್ಡರ್ ಕೊಡಬೇಡಿ.

ರೈತರ ಜೊತೆಗಿನ ಆಪ್ಷನ್ ಒಪ್ಪಂದಾನ, ಅಂದ್ರೆ ಪರ್ಮಿಷನ್ ಸಿಕ್ಕಿದ್ರೆ ಜಮೀನು ಲೀಸಿಗೆ ಪಡೆಯೋ ಹಕ್ಕಿನ ಕಾಗದಾನ, ಈ ವಾರವೇ ಲಾಯರಿಗೆ ತೋರಿಸಿ. ಗ್ರಿಡ್ ಕನೆಕ್ಷನ್ನಿನ ಕ್ಯೂ ಈಗ ನೀಸೋ, ಅಂದ್ರೆ ರಾಷ್ಟ್ರೀಯ ವಿದ್ಯುತ್ ವ್ಯವಸ್ಥೆ ನಡೆಸೋ ಸಂಸ್ಥೆಯ, ಕೈಯಲ್ಲಿದೆ, ಜಮೀನಿನ ಹಕ್ಕು ಇಲ್ಲದ ಪ್ರಾಜೆಕ್ಟುಗಳನ್ನ ಹಿಂದಕ್ಕೆ ತಳ್ಳೋ ಥರ ನಿಯಮ ಬದಲಾಗಿದೆ, ಹಾಗಾಗಿ ಕನೆಕ್ಷನ್ ಕೈಲಿದ್ದು ಆಪ್ಷನ್ ಅವಧಿ ಮುಗಿದ್ರೂ, ಆಪ್ಷನ್ ಇದ್ದು ಕನೆಕ್ಷನ್ ದಿನಾಂಕ ತಪ್ಪಿದ್ರೂ ಮಾಡಿದ್ದೆಲ್ಲ ಹೋಗತ್ತೆ. ಒಂದು ಪೂರ್ತಿ ಅಪೀಲು, ಅದರ ಮೇಲೊಂದು ರಿವ್ಯೂ ಆದ್ರೂ ಮುಗಿಯದಷ್ಟು ಅವಧಿ ಒಪ್ಪಂದದಲ್ಲಿರ್ಲಿ, 40 ವರ್ಷದ ಕೊನೇಲಿ ಕಂಟೇನರ್ ತೆಗೆಯೋ ಖರ್ಚಿಗೆ ದುಡ್ಡು ಎಲ್ಲಿಂದ ಬರತ್ತೆ, ಕಂಪನಿ ಕೈ ಬದಲಾದ್ರೆ ಅದು ಯಾರ ಹೊಣೆ ಅನ್ನೋದೂ ಅದರಲ್ಲೇ ಬರ್ಲಿ, ಆ ರೈತರು ಕೇಳ್ದೇ ಇದ್ರೂ ನೀವೇ ಬರೆಸಿ.